ಲಂಡನ್ನಿನ ಗಾಜಿನ ಪೆಟ್ಟಿಗೆಗಳಲ್ಲಿ ಏಷ್ಯಾ

ಮಗಳ ಬಾಣಂತನಕ್ಕೆಂದೋ ಮಗನ ಗೃಹಪ್ರವೇಶಕ್ಕೆಂದೋ ಲಂಡನ್ನಿಗೆ ಹೋಗಿಬಂದ ಹಿರಿಯರು ಈಗ ಕರ್ನಾಟಕದ ಸಣ್ಣ ಊರುಗಳಲ್ಲೂ ಸಿಗುತ್ತಾರೆ. ಅರಮನೆ, ಸೇತುವೆ, ಥೇಮ್ಸ್ ನದಿಯ ದೋಣಿ, ಕೊಹಿನೂರು ವಜ್ರ ಎಲ್ಲವನ್ನೂ ನೋಡಿಬಂದಿರುತ್ತಾರೆ. ಚೀನಾದ ಪಿಂಗಾಣಿ, ಜಪಾನಿನ ಮುದ್ರಣಚಿತ್ರ, ಅಮರಾವತಿಯ ಶಿಲ್ಪ ಅದೇ ಊರಿನಲ್ಲಿ ಕಾಸು ಕೊಡದೆ ನೋಡಲು ಸಿಗುತ್ತವೆ ಅಂದರೆ ಅವರಲ್ಲಿ ಅನೇಕರಿಗೆ ಆಶ್ಚರ್ಯ. ಇವೆಲ್ಲ ಅಲ್ಲಿ ಎಲ್ಲೆಲ್ಲಿವೆ, ಹೇಗೆ ನೋಡಿದರೆ ಚೆನ್ನ ಅನ್ನುವುದೇ ಇವತ್ತಿನ ಮಾತು.

ಮೊದಲು ಬ್ರಿಟಿಷ್ ಮ್ಯೂಸಿಯಂಗೆ ಹೋಗೋಣ. ಮುಂಬಾಗಿಲಲ್ಲಿ ಸರತಿಯ ಸಾಲು ಉದ್ದವಿದ್ದರೆ ಹಿಂಬದಿಯ ಮಾಂಟೆಗ್ಯೂ ಪ್ಲೇಸ್ ರಸ್ತೆಯ ಬಾಗಿಲಿಗೆ ಬನ್ನಿ; ಏಷ್ಯಾದ ಕೋಣೆಗಳಿಗೆ ಅದೇ ಹತ್ತಿರ. 33ನೇ ಕೋಣೆಯ ಒಂದು ಅರ್ಧ ಚೀನಾದ್ದು, ಇನ್ನೊಂದು ಅರ್ಧ ದಕ್ಷಿಣ ಏಷ್ಯಾದ್ದು. ಎಲ್ಲವನ್ನೂ ನೋಡಿಬಿಡಬೇಕು ಎಂಬ ಆಸೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು. ಮೂರೋ ನಾಲ್ಕೋ ವಸ್ತುಗಳನ್ನು ಆರಿಸಿಕೊಂಡು, ಪ್ರತಿಯೊಂದರ ಮುಂದೆಯೂ ಒಂದೇ ಪ್ರಶ್ನೆ ಕೇಳಿ: ಇದು ಎಲ್ಲಿಂದ ಹೊರಟಿತು, ಇಲ್ಲಿಗೆ ಹೇಗೆ ಬಂತು? ಶಿಲ್ಪದ ಚೆಲುವನ್ನು ಕಣ್ಣು ತಾನಾಗಿಯೇ ಹಿಡಿಯುತ್ತದೆ. ಈ ಪ್ರಶ್ನೆಯನ್ನು ಮಾತ್ರ ನಾವೇ ಕೇಳಬೇಕು.

ಉತ್ತರ ಹುಡುಕಲು ಒಂದು ಸುಳಿವು ಹೇಳುತ್ತೇನೆ. ವಸ್ತುವಿನ ಪಕ್ಕದ ಫಲಕದಲ್ಲಿ, ಕೊನೆಗೆ, ತೀರ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. ಯಾರೂ ಅದನ್ನು ಓದುವುದಿಲ್ಲ. ಆ ಮ್ಯೂಸಿಯಂನಲ್ಲಿ ಸಾಮಾನ್ಯವಾಗಿ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳು ಆ ವಸ್ತು ಅವರ ಕೈ ಸೇರಿದ ವರ್ಷ. 33ನೇ ಕೋಣೆಯ ತುದಿಯಲ್ಲಿ ಗಾಜಿನಾಚೆ ಅಮರಾವತಿ ಸ್ತೂಪದ ಶಿಲ್ಪಗಳಿವೆ. ಅವುಗಳ ಫಲಕಗಳಲ್ಲಿ 1880 ಎಂದಿರುತ್ತದೆ.

ಆ ಅಂಕಿಯ ಹಿಂದೆ ದೊಡ್ಡ ಕಥೆಯಿದೆ. ಕೃಷ್ಣಾ ನದಿಯ ದಂಡೆಯ ಆ ಸ್ತೂಪ ಪಾಳುಬಿದ್ದು ದಿಬ್ಬವಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಜಮೀನ್ದಾರರು ಹೊಸ ಊರು ಕಟ್ಟಿಸುವಾಗ ಅದರ ಕಲ್ಲುಗಳನ್ನು ಕಿತ್ತು ಬಳಸಿದರು. ಸುದ್ದಿ ತಿಳಿದು ಕರ್ನಲ್ ಕಾಲಿನ್ ಮೆಕೆಂಝಿ ಬಂದು ನೋಡಿದ, ಆಮೇಲೆ ಶಿಲ್ಪಗಳ ಚಿತ್ರಗಳನ್ನು ಬರೆಸಿದ. ನಮ್ಮ ನಾಡಿನ ಕೈಫಿಯತ್ತುಗಳನ್ನು ಸಂಗ್ರಹಿಸಿದ ಮೆಕೆಂಝಿಯೇ ಈತ. 1845ರಲ್ಲಿ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಅಗೆಸಿ ತೆಗೆಸಿದ ಕಲ್ಲುಗಳು ಮದರಾಸಿಗೆ ಹೋಗಿ ವರ್ಷಗಟ್ಟಲೆ ಬಿಸಿಲು ಮಳೆಗೆ ಬಿದ್ದಿದ್ದವು. 1859ರಲ್ಲಿ ಅವನ್ನು ಹಡಗಿನಲ್ಲಿ ಲಂಡನ್ನಿಗೆ ಕಳಿಸಿದರು, ಬ್ರಿಟಿಷ್ ಮ್ಯೂಸಿಯಂ ಸೇರಿದ್ದು ಮಾತ್ರ 1880ರಲ್ಲಿ. ಸುಣ್ಣಕಲ್ಲು ಮೆದು, ಲಂಡನ್ನಿನ ಹವೆಯಲ್ಲಿ ಅದು ಸವೆಯದಿರಲೆಂದೇ ಈಗಿನ ಗಾಜಿನ ಕೋಣೆ, ಒಳಗೆ ಹದಗೊಳಿಸಿದ ಗಾಳಿ.

ಅಲ್ಲಿ ಎರಡೂ ಮುಖಗಳಲ್ಲಿ ಕೆತ್ತನೆಯಿರುವ ಒಂದು ಚಪ್ಪಡಿ ಇದೆ, ಹುಡುಕಿ ನೋಡಿ. ಹಳೆಯ ಮುಖ ಸುಮಾರು ಕ್ರಿಸ್ತಪೂರ್ವ ಒಂದನೆಯ ಶತಮಾನದ್ದು. ಬೋಧಿವೃಕ್ಷವಿದೆ, ಅದರ ಕೆಳಗೆ ಬರಿದಾದ ಪೀಠವಿದೆ, ಪಾದದ ಗುರುತುಗಳಿವೆ, ಸುತ್ತ ಕೈಮುಗಿದ ಭಕ್ತರಿದ್ದಾರೆ. ಬುದ್ಧ ಮಾತ್ರ ಇಲ್ಲ. ಆಗಿನ್ನೂ ಅಲ್ಲಿ ಬುದ್ಧನನ್ನು ಮನುಷ್ಯರೂಪದಲ್ಲಿ ಕೆತ್ತುತ್ತಿರಲಿಲ್ಲ. ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಅದೇ ಕಲ್ಲನ್ನು ತಿರುಗಿಸಿ, ಹಿಂಬದಿಯಲ್ಲಿ ಇಡೀ ಸ್ತೂಪವನ್ನೇ ಬಿಡಿಸಿದರು: ಕಟಾಂಜನ, ಬಾಗಿಲ ಸಿಂಹಗಳು, ತೋರಣಗಳಿಂದ ತುಂಬಿದ ಗುಮ್ಮಟ. ಸ್ತೂಪ ಹೇಗಿತ್ತೆಂದು ಇವತ್ತು ನಮಗೆ ತಿಳಿದಿರುವುದು ಇಂಥ ಚಪ್ಪಡಿಗಳಿಂದಲೇ. ಇದೇ ಶೈಲಿಯ ಸುಣ್ಣಕಲ್ಲಿನ ಫಲಕಗಳು ನಮ್ಮ ಕಲಬುರಗಿ ಜಿಲ್ಲೆಯಲ್ಲೂ ಇವೆ. ಭೀಮಾ ತೀರದ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಸಿಕ್ಕ ಫಲಕವೊಂದರಲ್ಲಿ ರಾಜ ಅಶೋಕನ ಚಿತ್ರವಿದೆ, ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರೂ ಇದೆ. ಲಂಡನ್ನಿನ ಗಾಜಿನೆದುರು ನಿಲ್ಲುವ ಮುಂಚೆ ಕನಗನಹಳ್ಳಿಗೆ ಹೋಗಿಬಂದವರು ಪುಣ್ಯವಂತರು.

ಇನ್ನು 95ನೇ ಕೋಣೆ. ಅಲ್ಲಿರುವುದು ಚೀನಾದ ಪಿಂಗಾಣಿ. ಕೂಡಿಸಿದವನು 1892ರಲ್ಲಿ ನಮ್ಮ ಮುಂಬಯಿಯಲ್ಲಿ ಹುಟ್ಟಿದ ಸರ್ ಪರ್ಸಿವಲ್ ಡೇವಿಡ್. ಸುಮಾರು 1700 ವಸ್ತುಗಳ ಈ ಸಂಗ್ರಹ 2009ರಿಂದ ಇಲ್ಲಿದೆ. ಎರಡು ಅಡಿ ಎತ್ತರದ ಜೋಡಿ ಹೂದಾನಿಗಳ ಬಳಿ ನಿಲ್ಲಿ. ಬಿಳಿಯ ಮೇಲೆ ನೀಲಿ ಡ್ರ್ಯಾಗನ್, ಹಿಡಿಕೆಗಳು ಆನೆಯ ತಲೆ. ಕುತ್ತಿಗೆಯ ಹತ್ತಿರ ಬರೆದ ಅಕ್ಷರಗಳಲ್ಲಿ ವಿಷಯವಿದೆ. ಝಾಂಗ್ ವೆಂಜಿನ್ ಎಂಬ ಭಕ್ತ, ಮನೆಮಂದಿಯೆಲ್ಲ ಕ್ಷೇಮವಾಗಿರಲಿ ಎಂದು ಬೇಡಿಕೊಂಡು, ಒಂದು ಧೂಪದಾನಿಯನ್ನೂ ಜೋಡಿ ಹೂದಾನಿಗಳನ್ನೂ ಗುಡಿಗೆ ಕೊಟ್ಟಿದ್ದಾನೆ. ನಮ್ಮ ದೇವಸ್ಥಾನಗಳ ಗಂಟೆ, ದೀಪದ ಕಂಬಗಳ ಮೇಲೆ ಸೇವಾಕರ್ತರ ಹೆಸರು ಕೊರೆಸುತ್ತಾರಲ್ಲ, ಹಾಗೆಯೇ. ಇಸವಿಯನ್ನೂ ಬರೆಸಿದ್ದಾನೆ: ನಮ್ಮ ಲೆಕ್ಕದಲ್ಲಿ 1351. ಆ ಒಂದು ಇಸವಿಯಿಂದ ಚೀನಾದ ನೀಲಿ-ಬಿಳಿ ಪಿಂಗಾಣಿಯ ಕಾಲನಿರ್ಣಯಕ್ಕೆ ಗಟ್ಟಿ ಆಧಾರ ಸಿಕ್ಕಿತು. ಮಿಂಗ್ ರಾಜರಿಗೂ ಮುಂಚೆ, ಯುವಾನ್ ಕಾಲದಲ್ಲೇ, ಈ ಕಲೆ ಪಕ್ವವಾಗಿತ್ತೆಂದು ಸಾಬೀತಾಯಿತು. ಆ ನೀಲಿ ಬಣ್ಣದ ಕೋಬಾಲ್ಟ್ ಇರಾನಿನಿಂದ ಬಂದದ್ದು. ಬೇರೆಬೇರೆಯಾಗಿದ್ದ ಎರಡು ಹೂದಾನಿಗಳನ್ನು ಡೇವಿಡ್ ಬೇರೆಬೇರೆ ಕಡೆ ಕೊಂಡು ಮತ್ತೆ ಜೊತೆಗೂಡಿಸಿದ. ಧೂಪದಾನಿ ಇನ್ನೂ ಸಿಕ್ಕಿಲ್ಲ.

ನೀಲಿಯ ಮಾತು ಬಂದಾಗ ಜಪಾನಿನ ಹೊಕುಸಾಯ್ ನೆನಪಾಗದಿರುವುದಿಲ್ಲ. ಸುಮಾರು 1831ರ ಅವನ ದೊಡ್ಡ ಅಲೆಯ ಚಿತ್ರದಲ್ಲಿರುವ ನೀಲಿ ಯುರೋಪಿನಲ್ಲಿ ಕಂಡುಹಿಡಿದದ್ದು, ಪ್ರಶ್ಯನ್ ಬ್ಲೂ. ಮರದ ಅಚ್ಚಿನಿಂದ ಒತ್ತಿದ ಅದರ ಪ್ರತಿಗಳು ಈ ಮ್ಯೂಸಿಯಂನಲ್ಲೂ ಇವೆ, ಆದರೆ ಹೋದ ದಿನ ಕಂಡೇ ಕಾಣುತ್ತವೆಂಬ ಭರವಸೆಯಿಲ್ಲ. ಕಾಗದದ ಮೇಲಿನ ಬಣ್ಣ ಬೆಳಕಿಗೆ ಮಾಸುತ್ತದೆ. ಕೆಲವು ತಿಂಗಳು ಗೋಡೆಯ ಮೇಲಿದ್ದ ಚಿತ್ರ ಮುಂದೆ ವರ್ಷಗಟ್ಟಲೆ ಕತ್ತಲಲ್ಲಿರಬೇಕು. ರೇಷ್ಮೆ, ತಾಳೆಗರಿ, ಮೊಘಲ್ ಚಿತ್ರಗಳ ಗತಿಯೂ ಇದೇ. ಹಾಗಾಗಿ ವಿಶೇಷ ಪ್ರದರ್ಶನಗಳಿಗೆ ಟಿಕೆಟ್ ಇದ್ದರೂ ನೋಡಬೇಕು ಎನ್ನುತ್ತೇನೆ. 2025ರಲ್ಲಿ ಇಲ್ಲೇ ಪ್ರಾಚೀನ ಭಾರತದ ಜೈನ, ಬೌದ್ಧ, ಹಿಂದೂ ಕಲೆಯ ಪ್ರದರ್ಶನವಿತ್ತು. ಅದೇ ವರ್ಷ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಮೊಘಲರ ಕಲೆಯದ್ದು. ಹೊರಡುವ ಮುಂಚೆ ಏನು ನಡೆಯುತ್ತಿದೆ, ಯಾವ ಕೋಣೆ ಮುಚ್ಚಿದೆ ಎಂದು ಮೊಬೈಲಿನಲ್ಲಿ ನೋಡಿಕೊಂಡೇ ಹೊರಡಿ.

ಆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಸೇರಿದ್ದೇ ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಪಾಲಾದ ಲೂಟಿ ಅದು. ಮರದ ಹುಲಿ, ಅದರ ಕೆಳಗೆ ಬಿದ್ದ ಯುರೋಪಿಯನ್. ಹಿಡಿಕೆ ತಿರುಗಿಸಿದರೆ ಅವನ ಕೈ ಏಳುತ್ತದೆ, ಬಾಯಿಂದ ಗೋಳು ಹೊರಡುತ್ತದೆ. ಹುಲಿಯ ಹೊಟ್ಟೆಯಲ್ಲಿ ಸಣ್ಣದೊಂದು ಆರ್ಗನ್ ವಾದ್ಯವಿದೆ. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದವರೆಲ್ಲ ಹಿಡಿಕೆ ತಿರುಗಿಸಿ, ಅಲ್ಲಿ ಓದುತ್ತಾ ಕುಳಿತವರಿಗೆ ಸಾಕುಸಾಕಾಗಿತ್ತಂತೆ. ಯಾವ ಕುಶಲಕರ್ಮಿ ಆ ಮರವನ್ನು ಕೆತ್ತಿದನೋ ಅವನ ಹೆಸರು ಎಲ್ಲೂ ಉಳಿದಿಲ್ಲ. ಲೂಟಿಯ ಇಸವಿ ಮಾತ್ರ ಎಲ್ಲರಿಗೂ ಗೊತ್ತು. ಇದು ನನ್ನನ್ನು ಬಾಧಿಸುತ್ತದೆ.

ಇನ್ನೊಂದು ಕಡೆಗೆ ನಮ್ಮವರು ಹೋಗುವುದೇ ಇಲ್ಲ: ಕಲಾವ್ಯಾಪಾರಿಗಳ ಗ್ಯಾಲರಿಗಳು ಮತ್ತು ಹರಾಜು ಸಂಸ್ಥೆಗಳು. 1998ರಿಂದ ಪ್ರತಿ ಶರತ್ಕಾಲದಲ್ಲಿ 'ಏಷ್ಯನ್ ಆರ್ಟ್ ಇನ್ ಲಂಡನ್' ಹೆಸರಿನಲ್ಲಿ ಅವರೆಲ್ಲ ಒಟ್ಟಾಗಿ ಪ್ರದರ್ಶನಗಳನ್ನು ಏರ್ಪಡಿಸುತ್ತಾರೆ. ಮೇಫೇರ್, ಸೇಂಟ್ ಜೇಮ್ಸ್‌ನ ಆ ಗಾಜಿನ ಬಾಗಿಲುಗಳನ್ನು ಕಂಡರೆ ಸಂಕೋಚವಾಗುತ್ತದೆ, ನಿಜ. ಕೊಳ್ಳದಿದ್ದರೂ ಒಳಗೆ ಹೋಗಬಹುದು. ಹರಾಜಿಗೆ ಮುಂಚಿನ ಕೆಲವು ದಿನ ಎಲ್ಲ ವಸ್ತುಗಳನ್ನೂ ಸಾರ್ವಜನಿಕರಿಗೆ ಉಚಿತವಾಗಿ ತೋರಿಸುತ್ತಾರೆ. ಕೇಳಿದರೆ ಸಿಬ್ಬಂದಿ ಕಪಾಟಿನಿಂದ ತೆಗೆದು ಕೈಗೇ ಕೊಡುತ್ತಾರೆ. ಮ್ಯೂಸಿಯಂನಲ್ಲಿ ಇಂಥ ಅವಕಾಶ ಸಿಗುವುದು ಅಪರೂಪ. ಚೀನಾದ ಬಟ್ಟಲು ಕೈಗೆ ಬಂದರೆ ಮೆಲ್ಲಗೆ ತಿರುಗಿಸಿ ತಳ ನೋಡಿ. ಚಕ್ರವರ್ತಿಯ ಆಳ್ವಿಕೆಯ ಹೆಸರು ಆರು ಅಕ್ಷರಗಳಲ್ಲಿ ಇರಬಹುದು. ಅದನ್ನೇ ನಂಬಿಬಿಡಬೇಡಿ, ಹಿಂದಿನ ಕಾಲದ ಹೆಸರನ್ನು ಮುಂದಿನವರೂ ಗೌರವಕ್ಕೆಂದು ಬರೆಯುತ್ತಿದ್ದರು. ಆಮೇಲೆ ಹರಾಜಿನ ಕೈಪಿಡಿ ತೆರೆದು, ವಸ್ತು ಯಾರ ಬಳಿಯಿತ್ತು, ಯಾವ ವರ್ಷ ಕೊಂಡದ್ದು ಎಂಬ ಸಾಲುಗಳನ್ನು ಓದಿ. ದೇವಸ್ಥಾನಗಳಿಂದ ಕದ್ದ ಮೂರ್ತಿಗಳಂಥ ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಾಟವನ್ನು ತಡೆಯಲು 1970ರಲ್ಲಿ ಆದ ಯುನೆಸ್ಕೋ ಒಪ್ಪಂದದ ನಂತರ ಆ ಸಾಲುಗಳಿಗೆ ತುಂಬಾ ಬೆಲೆ ಬಂದಿದೆ. ಮೂರ್ತಿಯೊಂದರ ಚರಿತ್ರೆ 1970ಕ್ಕಿಂತ ಈಚೆಗಷ್ಟೇ ಶುರುವಾಗುತ್ತಿದ್ದರೆ, ಅದು ಹೊರಟ ಗರ್ಭಗುಡಿ ಯಾವುದು ಎಂದು ಅಲ್ಲಿನವರನ್ನು ಕೇಳಿ. ಕೇಳುವ ಹಕ್ಕು ನೋಡಲು ಬಂದ ಪ್ರತಿಯೊಬ್ಬರಿಗೂ ಇದೆ.