ವಿದ್ಯುತ್ ಸಿಗರೇಟು: ಹೊಸಬ ಯಾವುದನ್ನು ಕೊಳ್ಳಬೇಕು?

(ಗಿರಣಿ ಕೆಲಸಗಾರರು ಮತ್ತು ಚಿಲ್ಲರೆ ವ್ಯಾಪಾರಿಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋದ ಕೂಟ ಮುಗಿದು ಜಮಖಾನ ಸುತ್ತುವ ಹೊತ್ತಿಗೆ ಇಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಒಬ್ಬರು ನೂಲಿನ ಖಾತೆಯಲ್ಲಿ ದುಡಿಯುವ ಹಿರಿಯರು, ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರು. ಇಂಗ್ಲೆಂಡಿನಲ್ಲಿರುವ ಅವರ ತಂಗಿಯ ಮಗ ಫೋನಿನಲ್ಲಿ, "ಮಾವ, ಬೀಡಿ ಬಿಡ್ರಿ, ವೇಪ್ ಹಿಡೀರಿ, ನಾನು ಸಿಗರೇಟು ಬಿಟ್ಟಿದ್ದೇ ಹಂಗೆ" ಎಂದನಂತೆ. ಯಾವುದನ್ನು ಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಇನ್ನೊಬ್ಬರು ಬಸ್ ನಿಲ್ದಾಣದ ಬಳಿ ಗೂಡಂಗಡಿ ಇಟ್ಟವರು. ಬೈಕಿನಲ್ಲಿ ಬಂದ ಹುಡುಗನೊಬ್ಬ ಬಣ್ಣಬಣ್ಣದ ಕಡ್ಡಿಗಳನ್ನು ತೋರಿಸಿ, "ಅಣ್ಣ, ಹತ್ತು ಪೀಸ್ ಇಟ್ಕೊಳ್ಳಿ, ಮಾರಿದ ಮೇಲೆ ದುಡ್ಡು ಕೊಡಿ" ಎಂದನಂತೆ. ಇಡಬಹುದೇ?

ಮೊದಲು ಸಾಮಾನು ಏನೆಂದು ನೋಡೋಣ. ಇಂದಿನ ರೂಪದ ವಿದ್ಯುತ್ ಸಿಗರೇಟನ್ನು 2003ರಲ್ಲಿ ರೂಪಿಸಿದವನು ಚೀನಾದ ಔಷಧ ತಜ್ಞ ಹೊನ್ ಲಿಕ್. ಒಂದು ಬ್ಯಾಟರಿ, ಸಣ್ಣ ತಂತಿಯ ಸುರುಳಿ, ಅದರೊಳಗೆ ಹತ್ತಿಯ ಬತ್ತಿ, ಬತ್ತಿ ಹೀರುವ ದ್ರವ. ನೂಲುವವರಿಗೆ ಹತ್ತಿ ಎಲ್ಲೆಲ್ಲಿ ಹೋಗುತ್ತದೆ ನೋಡಿ! ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಪರಿಮಳ, ನಿಕೋಟಿನ್ ಇರುತ್ತವೆ. ಸುರುಳಿ ಕಾದಾಗ ದ್ರವ ಮಂಜಾಗಿ ಬಾಯಿಗೆ ಬರುತ್ತದೆ. ಎಲೆ ಉರಿಯುವುದಿಲ್ಲ; ಆದ್ದರಿಂದ ಬೀಡಿಯ ಹೊಗೆಯಲ್ಲಿರುವ ಟಾರು, ಕಾರ್ಬನ್ ಮೊನಾಕ್ಸೈಡು ಅಲ್ಲಿ ಹುಟ್ಟುವುದಿಲ್ಲ. ಚಟ ಹಿಡಿಸುವುದು ನಿಕೋಟಿನ್, ಕೊಲ್ಲುವುದು ಬಹುಪಾಲು ಹೊಗೆ. ಈ ಎರಡನ್ನೂ ಬೇರೆಬೇರೆಯಾಗಿ ಕಾಣದವನಿಗೆ ಈ ವಿಷಯದ ತಲೆಬುಡ ತಿಳಿಯುವುದಿಲ್ಲ. ಹಾಗೆಂದು ಇದು ನಿರಪಾಯಕಾರಿಯಲ್ಲ. ಎಂದೂ ಸೇದದವನು ಇದನ್ನು ಬಾಯಿಗಿಟ್ಟರೆ ಇಲ್ಲದ ಚಟವನ್ನು ಕೊಂಡು ತಂದಂತೆ.

ಇಂಗ್ಲೆಂಡಿನ ಹುಡುಗ ಸುಳ್ಳು ಹೇಳಲಿಲ್ಲ. ಅಲ್ಲಿ ಧೂಮಪಾನಿಗಳಿಗೆ ವೈದ್ಯರೇ ಇದನ್ನು ಸೂಚಿಸುತ್ತಾರೆ. 2023ರಲ್ಲಿ ಅಲ್ಲಿನ ಸರ್ಕಾರ ಹತ್ತು ಲಕ್ಷ ಧೂಮಪಾನಿಗಳಿಗೆ ಮೊದಲ ಸಲಕರಣೆಯನ್ನು ಉಚಿತವಾಗಿ ಕೊಡುವ ಯೋಜನೆ ಸಾರಿತು. ನಿಕೋಟಿನ್ ಅಂಟು ಪಟ್ಟಿ, ಚೂಯಿಂಗ್ ಗಮ್ಮುಗಳಿಗಿಂತ ಇದರಿಂದ ಹೆಚ್ಚು ಜನ ಸಿಗರೇಟು ಬಿಡುತ್ತಾರೆಂದು ಕಾಕ್ರೇನ್ ಸಂಸ್ಥೆಯ ಪರಿಶೀಲನೆ 2022ರಲ್ಲಿ ಹೇಳಿತು. ಅಲ್ಲಿ ಸಿಗರೇಟು ಬಿಡಲೆಂದು ಬಂದ ಹೊಸಬನಿಗೆ ತಿಳಿದ ಅಂಗಡಿಯವನು ದೊಡ್ಡ ಯಂತ್ರ ಕೊಡುವುದಿಲ್ಲ. ದ್ರವ ಮತ್ತೆ ತುಂಬಬಹುದಾದ, ಚಾರ್ಜು ಮಾಡಬಹುದಾದ ಸಣ್ಣ 'ಪಾಡ್' ಕೊಡುತ್ತಾನೆ. ಮೋಡದಷ್ಟು ಹೊಗೆ ಬಿಡುವ ಯಂತ್ರ ಷೋಕಿಯವರಿಗೆ. ಸಿಗರೇಟಿನವನು ಮೊದಲು ಬಾಯಿಗೆ, ಆಮೇಲೆ ಎದೆಗೆ ಎಳೆಯುತ್ತಾನೆ. ಅವನಿಗೆ ಒಂದು ಓಮಿಗಿಂತ ಹೆಚ್ಚು ತಡೆಯಿರುವ ಸುರುಳಿ ಸರಿ, ಎಳೆತವೂ ಬಿಗಿಯಾಗಿರುತ್ತದೆ. ಹೊಸ ಸುರುಳಿ ಹಾಕಿದಾಗ ಬತ್ತಿ ನೆನೆಯಲು ಕೆಲವು ನಿಮಿಷ ಬಿಡಬೇಕು. ಅವಸರಪಟ್ಟು ಎಳೆದರೆ ಹತ್ತಿ ಸುಟ್ಟು ಬಾಯೆಲ್ಲ ಕಮಟು.

ಹೊಸಬರು ಸೋಲುವುದು ಹೆಚ್ಚಾಗಿ ನಿಕೋಟಿನ್ ಪ್ರಮಾಣದಲ್ಲಿ. ದಿನಕ್ಕೆ ಇಪ್ಪತ್ತು ಸೇದುವವನು 'ಕಡಮೆಯೇ ಒಳ್ಳೆಯದು' ಎಂದು ಮಿಲಿಲೀಟರಿಗೆ 3 ಮಿಲಿಗ್ರಾಮಿನ ದ್ರವ ಕೊಂಡರೆ, ಮೂರನೆಯ ದಿನ ಸಿಟ್ಟು, ನಾಲ್ಕನೆಯ ದಿನ ಮತ್ತೆ ಸಿಗರೇಟು. ಅಂಥವನು ಮೊದಲು 18, 20ರಲ್ಲಿ ಹಿಡಿದು, ಹೊಗೆಯನ್ನು ಪೂರ್ತಿ ಬಿಟ್ಟ ಮೇಲೆ ನಿಧಾನವಾಗಿ ಇಳಿಸಬೇಕು. ಒಂದು ಕೈಯಲ್ಲಿ ಇದು, ಇನ್ನೊಂದು ಕೈಯಲ್ಲಿ ಅದು ಎಂದು ವರ್ಷಗಟ್ಟಲೆ ನಡೆಸಿದರೆ ಖರ್ಚು ಎರಡು, ಲಾಭ ಸೊನ್ನೆ.

ಆ 20 ಎಂಬ ಅಂಕೆ ಬ್ರಿಟನ್ನಿನಲ್ಲಿ ಕಾನೂನಿನ ಮಿತಿ. ಪಾಡಿನಲ್ಲಿ 2 ಮಿಲಿಲೀಟರು, ಶೀಶೆಯಲ್ಲಿ 10 ಮಿಲಿಲೀಟರು, ಅದಕ್ಕಿಂತ ಹೆಚ್ಚು ಕೂಡದು. 18 ತುಂಬದವರಿಗೆ ಮಾರಕೂಡದು. ಒಮ್ಮೆ ಸೇದಿ ಎಸೆಯುವ ಕಡ್ಡಿಗಳನ್ನು 2025ರ ಜೂನ್ 1ರಿಂದ ಅಲ್ಲಿ ನಿಷೇಧಿಸಲಾಗಿದೆ. ಅಮೆರಿಕದಲ್ಲಿ ಇಂಥ ಮಿತಿ ಇಲ್ಲ. 'ಜೂಲ್' ಎಂಬ ಒಂದೇ ಕಂಪನಿ ಅಲ್ಲಿ ಶೇಕಡ 5ರ ಪಾಡು ಮಾರಿತು. ಬ್ರಿಟನ್ನಿಗೆ ಬಂದಾಗ ಶೇಕಡ 2ರೊಳಗೆ ಇಳಿಸಿತು. ಕಂಪನಿಗೆ ಸಮುದ್ರ ದಾಟುವಾಗ ಕರುಣೆ ಹುಟ್ಟಿತೇ? ಅಮೆರಿಕದ ಶಾಲೆಯ ಮಕ್ಕಳು ಆ ಪಾಡಿಗೆ ಬಿದ್ದ ಮೇಲೆ, 2018ರ ಡಿಸೆಂಬರಿನಲ್ಲಿ ಆ ಕಂಪನಿಯ ಶೇಕಡ 35 ಪಾಲನ್ನು 1280 ಕೋಟಿ ಡಾಲರಿಗೆ ಕೊಂಡದ್ದು ಮಾರ್ಲ್‌ಬರೊ ಸಿಗರೇಟಿನ ಒಡೆಯನಾದ ಆಲ್ಟ್ರಿಯ. ಚಟವೂ ಅವರದೇ, ಚಟ ಬಿಡಿಸುವ ಸಾಮಾನೂ ಅವರದೇ!

ಇನ್ನು ನಮ್ಮ ಊರಿಗೆ ಬರೋಣ. ಕರ್ನಾಟಕ 2016ರಲ್ಲೇ ಇದನ್ನು ತಡೆಯಿತು. ಇಡೀ ದೇಶಕ್ಕೆ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯಿದೆ ಬಂತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಸಿಕ್ಕಿದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟದ್ದಕ್ಕೇ ಆರು ತಿಂಗಳ ಸೆರೆ, ಐವತ್ತು ಸಾವಿರದ ದಂಡ ಆಗಬಹುದು. ಗೂಡಂಗಡಿಯ ಅಣ್ಣ ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಲಿ. ಆ ಹುಡುಗ ಬೈಕು ಏರಿ ಹೋಗುತ್ತಾನೆ, ಅಂಗಡಿ ಹೋಗುವುದಿಲ್ಲ. ಪೊಲೀಸರು ಬರುವುದು ಅಂಗಡಿಗೆ. ಹತ್ತು ಕಡ್ಡಿಯ ಲಾಭ ಎಷ್ಟಿದ್ದೀತು? ಆ ಕಡ್ಡಿಯೊಳಗೆ ಏನು ತುಂಬಿದೆ, ಎಷ್ಟು ನಿಕೋಟಿನ್ ಇದೆ ಎಂದು ಪರೀಕ್ಷಿಸಿದವರೂ ಯಾರೂ ಇಲ್ಲ. ಬ್ರಿಟನ್ನಿನ ಮಿತಿ ಕಳ್ಳಮಾಲಿಗೆ ಇಲ್ಲ. ಅಕ್ಕ, ತಂಗಿ, ಭಾವ ವಿದೇಶದಿಂದ ಪೆಟ್ಟಿಗೆಯಲ್ಲಿ ತಂದರೂ ಅದು ಆಮದೇ.

ಬೀಡಿ, ಸಿಗರೇಟು ಮಾತ್ರ ಮೂಲೆಮೂಲೆಗೂ ಸಿಗುತ್ತವೆ. ಸಿಗರೇಟಿನ ದೊಡ್ಡ ಕಂಪನಿ ಐ.ಟಿ.ಸಿ.ಯಲ್ಲಿ ನಮ್ಮ ಜೀವ ವಿಮಾ ನಿಗಮಕ್ಕೆ ದೊಡ್ಡ ಪಾಲಿದೆ. ನಾವು ಕಟ್ಟುವ ಕಂತು ಯಾರ ಹೊಗೆಗೆ ಸೇರುತ್ತದೆಂದು ಯೋಚಿಸಿ. ಈ ನ್ಯಾಯ ನಮಗೂ ಅರ್ಥವಾಗಿಲ್ಲ. ಆದರೆ ಅದರ ಮೇಲಿನ ಸಿಟ್ಟಿಗೆ ಗೂಡಂಗಡಿಯವರು ಜೈಲಿಗೆ ಹೋಗಬೇಕಾಗಿಲ್ಲ.

ಹಾಗಾದರೆ ನೂಲಿನ ಖಾತೆಯ ಹಿರಿಯರು ಏನು ಮಾಡಬೇಕು? ಬೀಡಿ ಬಿಡಬೇಕೆಂಬ ಅವರ ಮನಸ್ಸು ದೊಡ್ಡದು, ಅದು ಆರಬಾರದು. 2 ಮಿಲಿಗ್ರಾಮಿನ ನಿಕೋಟಿನ್ ಗಮ್ಮು ಔಷಧದ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಅದನ್ನು ಎಲೆ ಅಡಿಕೆಯಂತೆ ಒಂದೇ ಸಮನೆ ಜಗಿಯಬಾರದು. ಜಗಿದು ಬಾಯಿ ಚುರುಗುಟ್ಟಿದೊಡನೆ ದವಡೆಯ ಸಂದಿಯಲ್ಲಿ ಇಟ್ಟುಬಿಡಬೇಕು, ಚುರುಕು ಇಳಿದ ಮೇಲೆ ಮತ್ತೆ ನಾಲ್ಕು ಸಲ ಜಗಿಯಬೇಕು. ಹೀಗೆ ಅರ್ಧ ಗಂಟೆ. ಜಗಿಯುವ ಮುಂಚೆ ಕಾಲು ಗಂಟೆ ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಹೃದಯದ ಕಾಯಿಲೆಯವರು ಮೊದಲು ವೈದ್ಯರನ್ನು ಕೇಳಬೇಕು. ತಂಬಾಕು ಬಿಡುವವರಿಗೆಂದು ಸರ್ಕಾರದ ಉಚಿತ ಫೋನು 1800-11-2356, ಕನ್ನಡದಲ್ಲೂ ಮಾತನಾಡುತ್ತಾರೆ. ಹಿರಿಯರು ಆ ನಂಬರನ್ನು ಬೀಡಿ ಕಟ್ಟಿನ ಮೇಲೆಯೇ ಬರೆದುಕೊಂಡಿದ್ದಾರೆ. ಮುಂದಿನ ಭಾನುವಾರ ಅವರೇ ಎದ್ದು ನಿಂತು, ವಾರ ಹೇಗೆ ಕಳೆಯಿತೆಂದು ನಿಮಗೆಲ್ಲ ಹೇಳುತ್ತೇನೆಂದು ಒಪ್ಪಿದ್ದಾರೆ.