ಗಾಲಿಯ ಮೇಲಣ ಬದುಕು

ಬೈಸಿಕಲ್ಲನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಹಾಲು ಹಾಕುವವನಿಗೆ, ಅಂಚೆಯವನಿಗೆ, ಶಾಲೆಗೆ ಹೋಗುವ ಹುಡುಗಿಗೆ ಅದೊಂದು ವಾಹನ. ಅದನ್ನೇ ಕಸುಬು ಮಾಡಿಕೊಂಡು ಅನ್ನ ಗಳಿಸುವವರೂ ಉಂಟೆಂಬುದು ಮಾತ್ರ ನಮ್ಮ ಲಕ್ಷ್ಯಕ್ಕೆ ಬರುವುದು ಕಡಿಮೆ. ಅಂಥವರ ಬಾಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

1903ರಲ್ಲಿ ಫ್ರಾನ್ಸಿನ ಕ್ರೀಡಾಪತ್ರಿಕೆಯೊಂದು ತನ್ನ ಮಾರಾಟ ಹೆಚ್ಚಲೆಂದು ದೇಶವನ್ನು ಸುತ್ತುವ ಪಂದ್ಯವೊಂದನ್ನು ಏರ್ಪಡಿಸಿತು. ಅದೇ ಇಂದಿನ ಜಗತ್ಪ್ರಸಿದ್ಧ ಟೂರ್ ದ ಫ್ರಾನ್ಸ್. ಅಂದು ಹೊರಟವರು 60 ಮಂದಿ. ಕೊನೆ ಮುಟ್ಟಿದವರು 21. ಗೆದ್ದ ಮೊರೀಸ್ ಗರಾಂ ಒಂದು ಕಾಲಕ್ಕೆ ಮನೆಮನೆಯ ಹೊಗೆಗೂಡು ಗುಡಿಸುತ್ತಿದ್ದವನು. ಈಗ ಆ ಪಂದ್ಯ ಮೂರು ವಾರ, 21 ಹಂತಗಳಲ್ಲಿ ಸುಮಾರು 3,400 ಕಿಲೋಮೀಟರು ಸಾಗುತ್ತದೆ. ಹುಬ್ಬಳ್ಳಿಯಿಂದ ಹೊರಟು ಬಾಗಲಕೋಟೆ ದಾಟಿ ಕೃಷ್ಣೆಯ ದಂಡೆ ಸೇರುವಷ್ಟು ದಾರಿಯನ್ನು ದಿನದಿನವೂ ತುಳಿದಂತೆ!

ಈ ಪಂದ್ಯದ ನಿಜವಾದ ಎದುರಾಳಿ ಗಾಳಿ. ಮುಂದಿನವನ ಬೆನ್ನಿಗೆ ಹತ್ತಿಕೊಂಡು ಹೋಗುವವನಿಗೆ ಶ್ರಮದಲ್ಲಿ ಸುಮಾರು ಮೂರನೆಯ ಒಂದು ಪಾಲು ಉಳಿಯುತ್ತದೆ. ಆದ್ದರಿಂದ ತಂಡದ ನಾಯಕನ ಮುಂದೆ ನಿಂತು ಗಾಳಿಯನ್ನು ಸೀಳುವುದಕ್ಕೆ, ಅವನಿಗೆ ನೀರಿನ ಶೀಸೆ ತಂದುಕೊಡುವುದಕ್ಕೆ, ಅವನ ಗಾಲಿ ಕೆಟ್ಟರೆ ತನ್ನದನ್ನೇ ಬಿಚ್ಚಿ ಕೊಡುವುದಕ್ಕೆ ಸವಾರರಿರುತ್ತಾರೆ. ಫ್ರೆಂಚರು ಅವರನ್ನು ಕರೆಯುವ ಹೆಸರಿಗೆ ಮನೆಯಾಳು ಎಂದೇ ಅರ್ಥ. ಇವರ ಹೆಸರು ಗೆದ್ದವರ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಇವರಿಗೆ ಸಂಬಳವುಂಟು. ನಾಯಕ ಗೆದ್ದ ಹಣದಲ್ಲಿ ತಂಡದವರಿಗೆಲ್ಲ ಪಾಲು ಸಲ್ಲುವ ರೂಢಿಯೂ ಉಂಟು. ಕರಾರು ಮಾತ್ರ ಒಂದೆರಡು ವರುಷದ್ದು. ಬಿದ್ದು ಎಲುಬು ಮುರಿದರೆ ಮುಂದಿನದು ದೈವಾಧೀನ.

ಇನ್ನು ನಮ್ಮ ಸೀಮೆಗೆ ಬರೋಣ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಕರ್ನಾಟಕದ ಸೈಕಲ್ ಸವಾರರ ತವರು. ವಿಜಯಪುರದ ಕ್ರೀಡಾ ವಸತಿನಿಲಯ, ಚಂದರಗಿಯ ಕ್ರೀಡಾಶಾಲೆ ಮೊದಲಾದ ಕಡೆ ಪಳಗಿದ ಒಕ್ಕಲು ಮನೆತನದ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಬೆಂಗಳೂರಿನ ನವೀನ್ ಜಾನ್ ರಾಷ್ಟ್ರೀಯ ಚಾಂಪಿಯನ್ ಆಗಿ, ಬೆಲ್ಜಿಯಮ್ಮಿನ ಬೀದಿಪಂದ್ಯಗಳಲ್ಲಿ ತುಳಿದು, 2017ರಲ್ಲಿ ಆಸ್ಟ್ರೇಲಿಯದ ವೃತ್ತಿತಂಡವೊಂದನ್ನು ಸೇರಿದರು. ಅಂಥ ದಾರಿ ಹಿಡಿದವರು ತೀರ ವಿರಳ. ಉಳಿದವರ ಕಣ್ಣು ಇರುವುದು ರೈಲ್ವೆ, ಸೇನೆಗಳ ನೌಕರಿಯ ಮೇಲೆ. ಹುಬ್ಬಳ್ಳಿಯಲ್ಲಿ 2003ರಿಂದ ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಇದೆ. ಕ್ರೀಡಾಪಟುಗಳ ಪಾಲಿನಲ್ಲಿ ಅಲ್ಲೊಂದು ಕೆಲಸ ಸಿಕ್ಕರೆ ಮನೆಯ ಸಾಲ ತೀರೀತು, ತಂಗಿಯ ಮದುವೆಯಾದೀತು.

‘ನೌಕರಿ ಸಿಕ್ಕಿತು, ಸೈಕಲ್ಲು ಮೂಲೆ ಸೇರಿತು’ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗದು ಸರಿತೋರದು. ಹೊಟ್ಟೆಪಾಡಿಗಾಗಿ ತುಳಿಯುವುದರಲ್ಲಿ ಅವಮಾನವೇನೂ ಇಲ್ಲ. ಗರಾಂ ತುಳಿದದ್ದೂ ಅದಕ್ಕೇ. ಚಿಂತೆಯ ಸಂಗತಿ ಬೇರೆ. ನಮ್ಮಲ್ಲಿ ನೌಕರಿಗೆ ಅರ್ಹತೆಯನ್ನು ಅಳೆಯುವುದು ಪಂದ್ಯದಲ್ಲಿ ಪಡೆದ ಸ್ಥಾನದಿಂದ. ಜೊತೆಗಾರನ ಮುಂದೆ ನಿಂತು ನೂರು ಮೈಲಿ ಗಾಳಿ ಸೀಳಿ, ಕೊನೆಯ ಮೈಲಿಯಲ್ಲಿ ಬಸವಳಿದು ಹಿಂದುಳಿದವನಿಗೆ ಯಾವ ಪ್ರಮಾಣಪತ್ರ? ಹೀಗಿರುವಲ್ಲಿ ಯಾವ ಹುಡುಗ ಇನ್ನೊಬ್ಬನಿಗಾಗಿ ತನ್ನ ಕಾಲಿನ ಕಸುವನ್ನು ಸವೆಸಿಯಾನು? ಪ್ರತಿಯೊಬ್ಬನೂ ತನ್ನ ಪದಕಕ್ಕೆ ತಾನೇ ತುಳಿಯುತ್ತಾನೆ. ತಂಡದ ಆಟ ಒಬ್ಬೊಬ್ಬರ ಆಟವಾಗುತ್ತದೆ.

ಹದಿನಾಲ್ಕರಿಂದ ಇಪ್ಪತ್ತನಾಲ್ಕರವರೆಗಿನ ಹತ್ತು ವರುಷಗಳನ್ನು ಈ ಗಾಲಿಗೆ ಕೊಟ್ಟು, ಸ್ಥಾನ ಸಿಗದೆ ಊರಿಗೆ ಮರಳುವವರನ್ನೂ ನಾವು ನೆನೆಯಬೇಕು. ಅವರು ಕಲಿತ ವಿದ್ಯೆ ಸಣ್ಣದಲ್ಲ. ಎಳೆಯರಿಗೆ ತರಬೇತಿ ಕೊಡಬಲ್ಲರು, ಸ್ಪರ್ಧೆಯ ಸೈಕಲ್ಲುಗಳನ್ನು ರಿಪೇರಿ ಮಾಡಬಲ್ಲರು. ನಮ್ಮ ಜಿಲ್ಲೆಗಳ ಕ್ರೀಡಾಶಾಲೆಗಳಲ್ಲಿ ಅವರಿಗೆ ಸಂಬಳದ ಜಾಗ ದೊರೆಯಲಿ. ಪಂದ್ಯದ ವರದಿ ಬರೆಯುವವರು ಗೆದ್ದವನ ಜೊತೆಗೆ ಅವನಿಗಾಗಿ ಗಾಳಿ ಸೀಳಿದವನ ಹೆಸರನ್ನೂ ಒಂದು ಸಾಲಿನಲ್ಲಿ ಬರೆಯಲಿ.