ಚಿತ್ರ ಬರೆದವರು ಯಾರು?

ನಮ್ಮ ಕೊಪ್ಪಳ ಸೀಮೆಯ ಮುನಿರಾಬಾದಿನಲ್ಲಿ ತುಂಗಭದ್ರೆಗೆ ಅಣೆಕಟ್ಟು ಏಳುತ್ತಿದ್ದ ಕಾಲವದು. 1947ರ ಜುಲೈನಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಮದರಾಸಿನಿಂದ ತೆಲುಗು, ತಮಿಳು ಮಕ್ಕಳಿಗೆ ಒಂದು ಮಾಸಪತ್ರಿಕೆ ಹೊರಡಿಸಿದರು. 1949ರಲ್ಲಿ ಅದು ಕನ್ನಡಕ್ಕೂ ಬಂತು. ಅದೇ ನಮ್ಮ ‘ಚಂದಮಾಮ’.

ಕಥೆಗಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅದರ ಮುಖಪುಟ. ಅದನ್ನು ಬೆಳಗಿಸಿದವರಲ್ಲಿ ಮುಖ್ಯರು ಕನ್ನಡಿಗರೇ ಆದ ಎಂ.ಟಿ.ವಿ. ಆಚಾರ್ಯ. ಮಹಾಭಾರತದ ಪ್ರಸಂಗಗಳನ್ನು ಅವರು ಮುಖಪುಟದಿಂದ ಮುಖಪುಟಕ್ಕೆ ಬಿಡಿಸುತ್ತ ಹೋದರು. ಓದು ಬಾರದ ಮಗುವಿಗೂ ಭೀಮನ ತೋಳು, ದ್ರೌಪದಿಯ ನೋಟ ಅರ್ಥವಾಗುತ್ತಿತ್ತು. ಅಕ್ಷರ ಕಲಿಯುವ ಮೊದಲೇ ಎಷ್ಟೋ ಮಕ್ಕಳು ಮಹಾಭಾರತ ಓದಿದ್ದು ಹೀಗೆ ಎಂದರೆ ಅತಿಶಯವಲ್ಲ. ಆಮೇಲೆ ಬೆಂಗಳೂರಿನಲ್ಲಿ ಆಚಾರ್ಯರು ‘ಆಚಾರ್ಯ ಚಿತ್ರಕಲಾ ಭವನ’ ಕಟ್ಟಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಕಲಾಶಾಲೆಯ ಮೆಟ್ಟಿಲು ಹತ್ತಲಾಗದ ಹಳ್ಳಿಯ ಹುಡುಗರಿಗೆ ಪಾಠವೇ ಮನೆ ಬಾಗಿಲಿಗೆ ಬಂತು. ನನ್ನ ಮಟ್ಟಿಗೆ ಇದು ಅವರ ಮುಖಪುಟಗಳಷ್ಟೇ ದೊಡ್ಡ ಕೆಲಸ.

ಪತ್ರಿಕೆಯ ಎಲ್ಲ ಭಾಷೆಗಳಿಗೂ ಚಿತ್ರ ಒಂದೇ, ಬದಲಾಗುತ್ತಿದ್ದುದು ಅಕ್ಷರ ಮಾತ್ರ. ಹಾಗಾಗಿ ಕಲಾವಿದ ಬರೆದ ರಾಜ ಕೊಪ್ಪಳದ ಮಗುವಿಗೂ ಮಧುರೆಯ ಮಗುವಿಗೂ ತನ್ನೂರ ರಾಜನೇ ಅನ್ನಿಸಬೇಕಿತ್ತು. ವಡ್ಡಾದಿ ಪಾಪಯ್ಯ, ‘ಚಿತ್ರ’ ಎಂದೇ ಹೆಸರಾದ ಟಿ. ವೀರರಾಘವನ್ ಇದನ್ನು ಸಾಧಿಸಿದರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ನಮ್ಮ ಕಣ್ಣಲ್ಲಿ ನಿಲ್ಲಿಸಿದ ಶಂಕರ್ 2020ರಲ್ಲಿ ತೀರಿಕೊಂಡರು. ಆದರೆ ಚಿತ್ರ ನೆನಪಿದ್ದರೂ ಬರೆದವರ ಹೆಸರು ಹಲವರಿಗೆ ನೆನಪಿಲ್ಲ. ಕಾರ್ಕಳದ ಅನಂತ ಪೈ ಅವರ ‘ಅಮರ ಚಿತ್ರಕಥೆ’ಯದೂ ಇದೇ ಮಾತು. ಪೈ ಅವರ ಹೆಸರು ಎಲ್ಲರಿಗೂ ಗೊತ್ತು, ಅದರ ‘ಕೃಷ್ಣ’ನನ್ನು ಬರೆದ ರಾಮ್ ವಾಯಿರ್ಕರ್ ಎಷ್ಟು ಜನಕ್ಕೆ ಗೊತ್ತು?

ನಮ್ಮ ಕೊಪ್ಪಳ ಸೀಮೆಗೆ ಈ ಮರೆವು ಹೊಸದಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಮೇಲ್ಛಾವಣಿಯ ಚಿತ್ರಗಳು ಇಲ್ಲಿನ ಕಿನ್ನಾಳದ ಚಿತ್ರಗಾರರ ಹಿರಿಯರವು ಎಂಬ ಮಾತು ತಲೆಮಾರುಗಳಿಂದ ಬಂದಿದೆ. ಅದೇ ಮನೆತನಗಳವರು ಹಗುರವಾದ ಪೊಣಕಿ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಬಣ್ಣ ತುಂಬಿ ಮಕ್ಕಳ ಕೈಗೆ ಗೊಂಬೆ ಕೊಟ್ಟರು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಆದರೆ ಗೊಂಬೆ ಮಾಡಿದ ಕೈಯ ಹೆಸರು ಗೊಂಬೆಯ ಜೊತೆ ಬರುವುದಿಲ್ಲ. ಚಂದಮಾಮದ ಕಲಾವಿದರಾದರೋ ಚಿತ್ರದ ಮೂಲೆಯಲ್ಲಿ ಸಹಿ ಹಾಕುತ್ತಿದ್ದರು. ಆ ಪುಟ್ಟ ಸಹಿಯಿಂದಲೇ ಇವತ್ತು ಅವರ ಹೆಸರು ಹೇಳಲು ನಮಗೆ ಸಾಧ್ಯವಾಗಿದೆ.

ಕನ್ನಡದಲ್ಲಿ ಮಕ್ಕಳ ಪುಸ್ತಕ ತರುವವರಲ್ಲಿ ನನ್ನದೊಂದು ಬೇಡಿಕೆ: ಕಲಾವಿದರ ಹೆಸರನ್ನು ಲೇಖಕರ ಹೆಸರಿನ ಪಕ್ಕದಲ್ಲೇ, ಮುಖಪುಟದ ಮೇಲೆಯೇ ಅಚ್ಚು ಹಾಕಿಸಿ. ತಾಯಿತಂದೆಯರೇ, ಶಿಕ್ಷಕರೇ, ಮಕ್ಕಳಿಗೆ ಕಥೆ ಓದಿ ಹೇಳುವಾಗ ಚಿತ್ರ ಬರೆದವರ ಹೆಸರನ್ನೂ ಓದಿ ಹೇಳಿ.